ಶನಿವಾರದ ಟೈಪಿಂಗ್ ಕ್ಲಾಸು

ತನಗೆ ಟೈಪಿಂಗ್ ಬರುವುದಿಲ್ಲವೆಂಬುದು ಗೊತ್ತಾಗಿಬಿಟ್ಟರೆ ಏನು ಗತಿ ಎಂದು ಮುನಿಲಕ್ಷ್ಮಿ ಗಂಜಿಯ ಪಾತ್ರೆಯನ್ನು ಜಗಲಿಯ ಮೇಲಿಡುತ್ತ ತನ್ನನ್ನೇ ಕೇಳಿಕೊಂಡಳು. ಬಿ.ಎ. ಮುಗಿಸಿದವಳಿಗೆ ಇರಬಾರದಂಥ ಚಿಲ್ಲರೆ ಚಿಂತೆ. ಲೋಕದಲ್ಲಿ ಟೈಪಿಂಗ್ ಬಾರದವರೇ ಹೆಚ್ಚು. ಸೇಲಂನ ಅಮ್ಮಾಪೇಟೆಯ ಈ ಕನ್ನಡ ಮಾತಿನ ನೇಕಾರರ ಬೀದಿಯಲ್ಲಂತೂ ಈ ತುದಿಯಿಂದ ಆ ತುದಿಯವರೆಗೆ ಕೇಳಿಕೊಂಡು ಹೋದರೂ ಬಲ್ಲವರು ಒಬ್ಬರು ಸಿಗಲಾರರು, ಅದಕ್ಕಾಗಿ ಯಾರೂ ಊಟ ಬಿಟ್ಟಿಲ್ಲ. ಆದರೆ ಅವರು ಯಾರೂ ಶನಿವಾರ ಬಂತೆಂದರೆ ತಲೆ ಬಾಚಿ, ಹೂ ಮುಡಿದು, ಟೌನ್ ಬಸ್ಸು ಹತ್ತಿ ಟೈಪಿಂಗ್ ಕ್ಲಾಸಿಗೆಂದು ಹೊರಡುವುದಿಲ್ಲವಲ್ಲ. ಇವಳು ಹೊರಡುತ್ತಿದ್ದಳು. ಎರಡು ತಿಂಗಳಿಂದ ಬೀದಿ ಅದನ್ನು ನೋಡುತ್ತಿತ್ತು, "ಲೋಯರ್ ಪರೀಕ್ಷೆ ಯಾವಾಗಮ್ಮಾ?" ಎಂದು ಕೇಳುತ್ತಿತ್ತು, ಇವಳು ಹೌದಿಗೂ ಅಲ್ಲಕ್ಕೂ ನಡುವೆ ಎಲ್ಲೋ ಒಂದು ಕಡೆ ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದಳು. ಟೈಪ್‌ರೈಟರನ್ನು ಅವಳು ಈ ಜನ್ಮದಲ್ಲಿ ಮುಟ್ಟಿದವಳಲ್ಲ.

ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಭಾನುವಾರ. ಬೀದಿಯ ಉದ್ದಕ್ಕೂ ಬಿದಿರಿನ ಕತ್ತರಿಗೋಲುಗಳನ್ನು ನಿಲ್ಲಿಸಿ, ಅಪ್ಪ ಸಿದ್ದಪ್ಪನೂ ಪಕ್ಕದ ಮನೆಯ ಪುಟ್ಟಪ್ಪ ಮಾವನೂ ಪಾವು ಬಿಚ್ಚುತ್ತಿದ್ದರು. ಮಗ್ಗಕ್ಕೆ ಏರಬೇಕಾದ ಉದ್ದೆಳೆಗಳ ದಿಂಡು ಅದು; ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಸೊಂಟದೆತ್ತರದಲ್ಲಿ ಬಿಳಿಯ ಕಾಲುವೆಯಂತೆ ಬೀದಿಯ ನಡುವೆ ಹರಿಯಿತು. ಅದಕ್ಕೆ ಅನ್ನದ ಗಂಜಿ ಹಚ್ಚಿ, ಇಬ್ಬರು ಎರಡು ಬದಿಯಲ್ಲಿ ನಡೆಯುತ್ತ ದೊಡ್ಡ ಕುಂಚದಿಂದ ತೀಡಿ, ಬಿಸಿಲೇರುವುದರೊಳಗೆ ಒಣಗಿಸಿ ಸುತ್ತಿಬಿಡಬೇಕು. ಒಂದು ಮನೆಯ ಪಾವೆಂದರೆ ಬೀದಿಯ ಎಲ್ಲರ ಕೆಲಸ. ಕಾಫಿ ಲೋಟ ಹಿಡಿದವರೂ ಹಲ್ಲುಜ್ಜುತ್ತಿರುವವರೂ ಸುಮ್ಮನೆ ಅದರ ಮೇಲೆ ಕಣ್ಣಾಡಿಸುತ್ತಿರುತ್ತಾರೆ. ಎಳೆ ಹರಿದದ್ದು ಯಾರ ಕಣ್ಣಿಗೆ ಬಿದ್ದರೂ, ಅವರು ಹಣ್ಣು ಮುದುಕರಾಗಲಿ ನಿನ್ನೆ ಮೊನ್ನೆ ಬಂದ ಸೊಸೆಯಾಗಲಿ, "ಎಳೆ!" ಎಂದು ಬಾಯಿಬಿಟ್ಟು ಕೂಗಬೇಕು. ಕೂಗು ಕೇಳಿದವರು ಇದ್ದಲ್ಲೇ ನಿಲ್ಲಬೇಕು. ಹರಿದ ತುದಿಗೆ ಅದರದೇ ಜೋಡಿ ತುದಿಯನ್ನು ಹುಡುಕಿ ಗಂಟು ಹಾಕುವವರೆಗೆ ಕುಂಚ ಮುಂದೆ ಹೋಗುವಂತಿಲ್ಲ.

ಮುನಿಲಕ್ಷ್ಮಿ ಎಂದೂ ಕೂಗಿದವಳಲ್ಲ. ಪ್ಲಸ್ ಟೂ ಓದುವಾಗ ಒಮ್ಮೆ ಒಂದು ಎಳೆ ಹರಿದು ಗಾಳಿಯಲ್ಲಿ ಆಡುವುದನ್ನು ಅವಳೊಬ್ಬಳೇ ನೋಡಿದ್ದಳು. ಕೂಗಿದರೆ ಬೀದಿಯೆಲ್ಲ ತನ್ನ ಕಡೆ ತಿರುಗುತ್ತದೆ. ತಿರುಗಿದವರ ಕಣ್ಣಿಗೆ ತನ್ನ ಮುಖ ಹೇಗೆ ಕಾಣುತ್ತದೆಂಬುದು ಅವರು ತಿರುಗುವ ಮುಂಚೆಯೇ ಅವಳಿಗೆ ಕಂಡುಬಿಟ್ಟಿತು: ಕೆಂಪಗೆ, ಬೆವೆತು, ತುಟಿಯೊಂದು ಅದುರುತ್ತ. ಅದಕ್ಕೆ ಅವಳು ಲಂಗ ಎತ್ತಿ ಕಟ್ಟಿಕೊಂಡು ಪಾವಿನ ಕೆಳಗೆ ತೆವಳಿ ತಾನೇ ಗಂಟು ಹಾಕಿದಳು, ಅವಸರದಲ್ಲಿ ಪಕ್ಕದ ಎಳೆಯ ತುದಿಗೆ. ಕುಂಚ ಬಂದಾಗ ತಪ್ಪು ಜೋಡಿಯ ಎಳೆಗಳು ಒಂದಕ್ಕೊಂದು ಸಿಕ್ಕಿ ಇಡೀ ಪಾವೇ ಮುಗ್ಗರಿಸಿತು. ಮೇಲಿದ್ದ ಗಂಜಿಯೆಲ್ಲ ಅವಳ ನೆತ್ತಿಯ ಮೇಲೆ. "ಯಾವಳೇ ಅದು, ಪಾವಿನ ಬುಡದಾಗೆ ಬಾಣಂತನ ಮಾಡ್ತಾ ಇರೋಳು?" ಎಂದು ಎದುರು ಮನೆಯ ನಾರಾಯಣಮ್ಮ ಅತ್ತೆ ಕೂಗಿದ್ದು, ಅದಕ್ಕೆ ಎದ್ದ ನಗು, ಪೊಂಗಲ್‌ವರೆಗೆ ನಡೆಯಿತು. ಅವಳಿಗೆ ನೆನಪಿರುವುದು ನಗುವಲ್ಲ, ಕಾಲುಗಳು. ಮೇಲೆ ಬಿಳಿಯ ನೂಲಿನ ಸೂರು, ಸುತ್ತಲೂ ಬರಿಯ ಕಾಲುಗಳು. ಅಲ್ಲಿಂದ ತಾನು ಹೊರಗೆ ಬಂದೆನೇ ಎಂಬ ಬಗ್ಗೆ ಅವಳಿಗೆ ಆಮೇಲೆ ಎಷ್ಟೋ ಸಲ ಅನುಮಾನವಾಗಿತ್ತು. ಕಾಲೇಜಿನ ಕಡೆಯ ಬೆಂಚಿನಲ್ಲಿ ಕೂತಾಗ, ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ನೋಡುತ್ತಾರೆಂದು ತುತ್ತು ಎತ್ತಲಾರದೆ ಎಲೆ ಮಡಿಚಿದಾಗ, ತಾನು ಇನ್ನೂ ಅಲ್ಲೇ, ಆ ಸೂರಿನ ಕೆಳಗೇ ಇದ್ದೇನೆ ಅನ್ನಿಸುತ್ತಿತ್ತು.

"ಏನೇ ಮುನೀ, ನಿಂತ್ಕಂಡೇ ನಿದ್ದೆ ಮಾಡ್ತೀಯಾ?" ಅಮ್ಮ ಗಂಜಿ ಸೋಸುವ ಬಟ್ಟೆಯನ್ನು ಹಿಂಡುತ್ತ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಸಂಘದ ಅಧ್ಯಕ್ಷರು ಈಗ ಬಂದ್ಬುಡ್ತಾರೆ. ನೀನು ಬಾಯಿ ಬುಡಬ್ಯಾಡ, ನಾನೇ ಯೋಳ್ತೀನಿ. ನಾಳೆಯಿಂದ ಬತ್ತಾಳೆ ಅಂತ."

ಅದೇ ಸಂಗತಿ. ನೇಕಾರರ ಸಹಕಾರ ಸಂಘದ ಅಧ್ಯಕ್ಷ ಅರುಣಾಚಲಂ ಹೋದ ವಾರ ಜಗಲಿಯಲ್ಲಿ ಕೂತು, ಸಂಘದಲ್ಲಿ ಟೈಪಿಸ್ಟ್ ಜಾಗ ಖಾಲಿ ಬಿದ್ದಿದೆ, ಹೊರಗಿನವರಿಗೆ ಯಾಕೆ, ನಮ್ಮ ಬೀದಿಯ ಹುಡುಗಿಯೇ ಕಲಿಯುತ್ತಿದ್ದಾಳಲ್ಲ ಎಂದಿದ್ದರು. ಕೆಲಸ ಸೋಮವಾರದಿಂದ ಶನಿವಾರದವರೆಗೆ. ಅಪ್ಪ ಕುಂಚದ ಕೂದಲನ್ನು ಸರಿ ಮಾಡುತ್ತಲೇ ಇದ್ದ. ಅಮ್ಮ ಎರಡು ದಿನ ಯೋಚಿಸಿ ಒಂದು ದಾರಿ ಕಂಡುಹಿಡಿದಿದ್ದಳು: ಶನಿವಾರ ಹೋಗುವ ಕಟ್ಟಡದಲ್ಲಿ ಮೇಲಿನ ಮಾಳಿಗೆಗೆ ಹೋಗುವುದನ್ನು ಬಿಟ್ಟು ಕೆಳಗಿನ ಮಾಳಿಗೆಗೆ ಹೋಗುವುದು. ಸಂಜೆ ಸಂಜೆ ಹೋಗಿ ನಿಜವಾಗಿಯೂ ಟೈಪಿಂಗ್ ಕಲಿತುಬಿಡುವುದು. "ಸುಳ್ಳನ್ನ ನಿಜ ಮಾಡ್ಬುಟ್ರೆ ಆಮ್ಯಾಕೆ ಸುಳ್ಳೇ ಇರಾಕಿಲ್ಲ ಕಣೇ," ಎಂದು ಅಮ್ಮ ಹೇಳಿದಾಗ ಅವಳ ಮುಖದಲ್ಲಿ ಬಹುಕಾಲದ ಮೇಲೆ ನೆಮ್ಮದಿ ಇತ್ತು. ಆ ನೆಮ್ಮದಿಯ ಎದುರು ಮುನಿಲಕ್ಷ್ಮಿಗೆ ತನ್ನ ಶನಿವಾರಗಳು ಕೈಜಾರುವುದು ಕಂಡಿತು.

ಐದು ರಸ್ತೆಯ ಹತ್ತಿರದ ಆ ಕಟ್ಟಡದಲ್ಲಿ ಕೆಳಗೆ ಟೈಪಿಂಗ್ ಇನ್‌ಸ್ಟಿಟ್ಯೂಟು, ಮೇಲೆ ಮನಸ್ಸಿನ ಕ್ಲಿನಿಕ್ಕು. ಹತ್ತುವ ಮೆಟ್ಟಿಲು ಎರಡಕ್ಕೂ ಒಂದೇ. ಅಮ್ಮನ ಸುಳ್ಳಿಗೆ ಆ ಮೆಟ್ಟಿಲೇ ಆಧಾರ. ಮೇಟ್ಟೂರಿನ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸದ ಇಂಟರ್‌ವ್ಯೂಗೆ ಹೋದವಳು, ತನ್ನ ಹೆಸರು ಕೂಗುವಾಗ ಬಚ್ಚಲಿನ ಬಾಗಿಲು ಹಾಕಿಕೊಂಡು ನಿಂತುಬಿಟ್ಟಿದ್ದಳು. ಹೆಸರು ಮತ್ತೆ ಮತ್ತೆ ಕೇಳಿತು, ಆಮೇಲೆ ಬೇರೆ ಯಾರದೋ ಹೆಸರು ಕೇಳಿತು. ಮನೆಗೆ ಬಂದು ಮೂರು ದಿನ ಮಲಗಿದಳು. ಬೀದಿಯ ಹಳೆಯ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಇದು ನನ್ನ ಕೈಲಾಗುವ ಜ್ವರವಲ್ಲ ಎಂದು ಅಲ್ಲಿಗೆ ಚೀಟಿ ಬರೆದುಕೊಟ್ಟರು. "ತಲೆ ಡಾಕ್ಟ್ರಾ?" ಎಂದು ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕರೆಂಟು ಕೊಡುತ್ತಾರೆ ಎಂದು ಅಮ್ಮನೂ, ಮಾತ್ರೆ ಕೊಟ್ಟು ಮಲಗಿಸುತ್ತಾರೆ ಎಂದು ಮುನಿಲಕ್ಷ್ಮಿಯೂ ಹೆದರಿದ್ದರು. ಅಪ್ಪ ಮಾತ್ರ, "ಮಗ್ಗ ಕೆಟ್ರೆ ಆಚಾರಿ ತಾವ ಓಗಾಕಿಲ್ವಾ," ಎಂದು ಹೇಳಿ ಅಂಗಿ ತೊಟ್ಟುಕೊಂಡಿದ್ದ.

ಕೋಣೆಯಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು. ಮಾತಿನಲ್ಲೇ ಚಿಕಿತ್ಸೆ ಮಾಡುವ ಕಾರ್ತಿಕಾ ಮೇಡಂ ಸೇಲಂನವರೇ, ಓದಿದ್ದು ಬೆಂಗಳೂರಿನಲ್ಲಿ. ಅವರ ಕನ್ನಡ ಇಸ್ತ್ರಿ ಹಾಕಿದಂತಿತ್ತು, ಅದರ ಮುಂದೆ ತನ್ನ ಮನೆಯ ಕನ್ನಡ ಮುದುಡಿದಂತೆ ಕಂಡು ಅವಳು ತಮಿಳಿಗೆ ಜಾರಿದಳು, ಅವರು ನಕ್ಕು ತಾವೂ ಜಾರಿದರು. "ಮೆಟ್ಟಿಲು ಹತ್ತುವಾಗ ಮನಸ್ಸು ಏನು ಹೇಳಿತು?" ಎಂಬುದು ಅವರ ಮೊದಲ ಪ್ರಶ್ನೆ. ಯಾರೂ ಅವಳ ಮನಸ್ಸನ್ನು ಹಾಗೆ, ಪಕ್ಕದಲ್ಲಿ ಕೂತ ಮೂರನೆಯವರನ್ನು ವಿಚಾರಿಸುವಂತೆ, ವಿಚಾರಿಸಿದ್ದಿಲ್ಲ. ಇವಳು ಹುಚ್ಚಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹೇಳಿತು, ಎಂದಳು. "ಆಗ ಮೈಗೆ ಏನಾಯಿತು?" ಎದೆ ಹೊಡೆದುಕೊಂಡಿತು. "ಆಗ ಏನು ಮಾಡಿದಿರಿ?" ಗೋಡೆ ಕಡೆ ಮುಖ ತಿರುಗಿಸಿದೆ. ಮೇಡಂ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಈ ನಾಲ್ಕನ್ನೂ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದು, ಕೊನೆಯದರಿಂದ ಮೊದಲಿಗೆ ತಂದು ಸೇರಿಸಿದರು. ಆದದ್ದು ಒಂದು, ಅದರ ಬಗ್ಗೆ ಅನ್ನಿಸಿದ್ದು ಇನ್ನೊಂದು, ಅನ್ನಿಸಿದ್ದಕ್ಕೆ ಮೈ ನಡುಗುತ್ತದೆ, ನಡುಗಿದ್ದಕ್ಕೆ ನಾವು ಓಡುತ್ತೇವೆ, ಓಡಿದ್ದಕ್ಕೇ, ಅನ್ನಿಸಿದ್ದು ನಿಜವೋ ಸುಳ್ಳೋ ಎಂದು ನೋಡುವ ಸಂದರ್ಭವೇ ತಪ್ಪಿ, ಅದು ನಿಜವಾಗಿಯೇ ಉಳಿಯುತ್ತದೆ. "ನಾವಿಬ್ಬರೂ ಸೇರಿ ಮಾಡೋದು ಇಷ್ಟೇ. ಅನ್ನಿಸಿದ್ದನ್ನ ಹಿಡಿದು ನಿಲ್ಲಿಸಿ, ಹೌದಾ ಅಂತ ಕೇಳೋದು. ಆಮೇಲೆ ಹೊರಗೆ ಹೋಗಿ ನೋಡಿಕೊಂಡು ಬರೋದು."

"ಮಾತ್ರೆ?"

"ಕೆಲವರಿಗೆ ಬೇಕಾಗುತ್ತೆ, ಡಾಕ್ಟರ್ ಕೊಡ್ತಾರೆ. ನಿಮಗೆ ಸದ್ಯಕ್ಕೆ ಬೇಡ ಅಂತ ಅವರ ಅಭಿಪ್ರಾಯ."

"ಎಷ್ಟು ದಿನ ಬರ್ಬೇಕು?"

"ಹನ್ನೆರಡು ವಾರ, ಹೆಚ್ಚು ಅಂದ್ರೆ ಇನ್ನೊಂದಷ್ಟು. ಆಮೇಲೆ ನಿಮಗೆ ನೀವೇ ಮೇಡಂ."

ಕೆಳಗಿನಿಂದ ಟೈಪಿಂಗ್ ಸದ್ದು ನೆಲವನ್ನು ತೂರಿ ಬರುತ್ತಿತ್ತು. ಸಾಲು ಮುಗಿದಾಗ ಟಿಣ್ ಎಂದು ಒಂದು ಗಂಟೆ. ಆ ಸದ್ದಿಗೆ ಅವಳು ಒಗ್ಗಿಕೊಂಡಳು. ತನ್ನ ಮಾತು ನಿಂತುಹೋದಾಗ ಕೆಳಗೆ ಯಾರೋ ತನ್ನ ಪರವಾಗಿ ಸಾಲು ಮುಂದುವರಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಚಿಕಿತ್ಸೆ ಎಂದರೆ ಹೋಂವರ್ಕ್ ಎಂದು ತಿಳಿದಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಚಿಕ್ಕಂದಿನಿಂದ ಡೈರಿ ಬರೆಯುವವಳು, ಬರೆಯುವುದರಲ್ಲಿ ಯಾರಿಗೆ ಕಡಿಮೆ? ಮೊದಲ ವಾರ ವಾರವೆಲ್ಲ ಬರೆದು, ಒಳ್ಳೆಯ ಕಡೆ ಒಳ್ಳೆಯ ಮಾತು ಬರುವಂತೆ ತಿದ್ದಿ, ತೆಗೆದುಕೊಂಡು ಹೋದಳು. ಮೇಡಂ ಓದಿ, "ತುಂಬ ಚೆನ್ನಾಗಿದೆ. ಆದರೆ ಇದು ಕವಿತೆ ಆಗಿಬಿಟ್ಟಿದೆ," ಎಂದರು. "ಮೊನ್ನೆ ಕೊಳಾಯಿ ಹತ್ತಿರ ಎಲ್ಲರೂ ನನ್ನನ್ನು ನೋಡಿ ನಕ್ಕರು ಅಂತ ಬರೆದಿದ್ದೀರಿ. ಎಲ್ಲರೂ ಅಂದರೆ ಯಾರು?"

ಮುನಿಲಕ್ಷ್ಮಿ ಯೋಚಿಸಿದಳು. ಕೆಳಗೆ ಗಂಟೆ ಬಾರಿಸಿತು. "ನಾರಾಯಣಮ್ಮ ಅತ್ತೆ."

"ಮತ್ತೆ?"

"...ಅತ್ತೆ ಮಾತ್ರ."

"ಅತ್ತೆ ಯಾವುದಕ್ಕೆಲ್ಲ ನಗ್ತಾರೆ?"

"ಅತ್ತೆಯಾ? ಅವ್ರು ಸಾವಿನ ಮನೇಲೂ ನಗ್ತಾರೆ ಮೇಡಂ," ಎಂದವಳಿಗೆ ತಡೆಯಲಾರದಷ್ಟು ನಗು ಬಂತು. ಪುಟ್ಟಪ್ಪ ಮಾವನ ತಂದೆ ಸತ್ತಾಗ ಹೆಣದ ಮುಂದೆ ತಮಟೆಯವನ ಪಂಚೆ ಜಾರಿದ್ದಕ್ಕೆ ಅತ್ತೆ ನಕ್ಕದ್ದು, ಅತ್ತೆ ನಕ್ಕಳೆಂದು ಹೆಣದ ಹಿರೀ ಸೊಸೆಯೂ ನಕ್ಕದ್ದು. ಅದನ್ನು ಹೇಳುತ್ತ ಹೇಳುತ್ತ ಅರ್ಧದಲ್ಲಿ ಅವಳಿಗೆ ಹೊಳೆಯಿತು: ತಾನು ಒಬ್ಬರ ಎದುರು ಕೂತು, ಕೈ ಆಡಿಸಿಕೊಂಡು, ಕಥೆ ಹೇಳುತ್ತಿದ್ದೇನೆ. ಹೊಳೆದ ಕೂಡಲೇ ಮಾತು ನಿಂತಿತು, ಮುಖ ಬಿಸಿಯಾಯಿತು. "ಈಗ ಏನಾಯ್ತು?" ಎಂದರು ಮೇಡಂ ಮೆಲ್ಲಗೆ. "ನನ್ನನ್ನೇ ನೋಡ್ಕಂಡೆ," ಎಂದಳು. ಮೇಡಂಗೆ ಅದು ಎಷ್ಟು ಇಷ್ಟವಾಯಿತೆಂದರೆ ಅವರು ಕ್ಯಾಲೆಂಡರ್ ಹಾಳೆಯಲ್ಲಿ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಕಣ್ಣು ಒಳಗೆ ತಿರುಗಿದಾಗಲೆಲ್ಲ ಭಯ ಹೆಚ್ಚುತ್ತದೆ, ಹೊರಗೆ ತಿರುಗಿದಾಗ ಕಡಿಮೆಯಾಗುತ್ತದೆ. ಇದನ್ನು ನೀವೇ ಕಂಡುಹಿಡಿದಿರಿ, ನಾನಲ್ಲ, ಎಂದರು.

ಆಮೇಲೆ ಬಸ್ಸು. ಈ ಊರಲ್ಲೇ ಹುಟ್ಟಿದವಳಾದರೂ ಮುನಿಲಕ್ಷ್ಮಿ ಎಂದೂ ತನ್ನ ಸ್ಟಾಪಿನಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಹೇಳಿದವಳಲ್ಲ. ಯಾರಾದರೂ ಇಳಿದರೆ ಅವರ ಹಿಂದೆ ಇಳಿಯುವುದು, ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ನಡೆಯುವುದು. ಸೇಲಂನ ರಸ್ತೆಗಳು ಅವಳಿಗೆ ಹೀಗೆಯೇ ಪರಿಚಯ. ಕೂಗಿದರೆ ಏನಾಗುತ್ತದೆಂದು ಮೊದಲೇ ಬರೆದಿಡಿ, ಆಮೇಲೆ ಕೂಗಿ, ಆಮೇಲೆ ಏನಾಯಿತೆಂದು ಪಕ್ಕದಲ್ಲಿ ಬರೆಯಿರಿ ಎಂದಿದ್ದರು ಮೇಡಂ. ಬಸ್ಸಿನವರೆಲ್ಲ ತಿರುಗಿ ನೋಡಿ ನಗುತ್ತಾರೆ, ಕಂಡಕ್ಟರು ಬೈಯುತ್ತಾನೆ, ತನ್ನ ದನಿ ಹೊರಡುವುದಿಲ್ಲ ಎಂದು ಬರೆದಳು. ದಾವಣಿಯ ಅಂಚನ್ನು ಮುಷ್ಟಿಯಲ್ಲಿ ಹಿಂಡುವಂತಿಲ್ಲ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹತ್ತು ಸಲ ಉರುಹೊಡೆಯುವಂತಿಲ್ಲ. ಅವೆಲ್ಲ ಊರುಗೋಲು, ಊರುಗೋಲು ಬಿಟ್ಟರಷ್ಟೇ ಕಾಲಿದೆಯೆಂದು ಗೊತ್ತಾಗುವುದು. ಅಮ್ಮಾಪೇಟೆ ಬರುವ ಹೊತ್ತಿಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. "ಇರಂಗಣುಂ!" ಎಂದಳು. ಇಳಿಯಬೇಕು ಎಂಬ ಆ ಒಂದು ತಮಿಳು ಮಾತು ಎಷ್ಟು ದೊಡ್ಡದಾಗಿ ಬಂತೆಂದರೆ ಡ್ರೈವರ್ ಬ್ರೇಕು ಒತ್ತಿಯೇಬಿಟ್ಟ. "ಮುನ್ನಾಡಿಯೇ ಸೊಲ್ಲಕ್ಕೂಡಾದಾಮ್ಮಾ," ಮುಂಚೆಯೇ ಹೇಳಬಾರದೇ ಎಂದು ಗೊಣಗಿ ಕಂಡಕ್ಟರು ಸೀಟಿ ಊದಿದ. ಅವನ ಮೀಸೆಗೆ ಹಚ್ಚಿದ ಬಣ್ಣ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ. ಸೊಪ್ಪಿನ ಬುಟ್ಟಿಯವಳು ಮೊಣಕಾಲು ಸರಿಸಿ ದಾರಿ ಬಿಟ್ಟಳು. ಒಬ್ಬ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಯಾರೂ ನಗಲಿಲ್ಲ. ಇಳಿದು ನಿಂತಾಗ ಬಸ್ಸು ಹೋದ ಕಡೆ ಏರ್ಕಾಡಿನ ಬೆಟ್ಟದ ಸಾಲು ನೀಲಿಯಾಗಿ, ಈಗಷ್ಟೇ ಯಾರೋ ತಂದು ಇಟ್ಟಂತೆ, ಕಾಣುತ್ತಿತ್ತು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಬೆಟ್ಟ.

ಹಾಗೆಂದು ಎಲ್ಲವೂ ಹಾಗೇ ಆಗಲಿಲ್ಲ. ಇನ್ನೊಂದು ಸಲ ದನಿ ಇಲಿಮರಿಯಂತೆ ಕೀಚಲಾಗಿ ಹೊರಟು, ಹಿಂದೆ ನಿಂತ ಇಬ್ಬರು ಕಾಲೇಜು ಹುಡುಗರು ಅದನ್ನು ಅಣಕಿಸಿ ನಕ್ಕರು. ಬರೆದಿಟ್ಟ ಭಯವೆಲ್ಲ ಅಕ್ಷರಶಃ ನಿಜವಾಯಿತು. ಆ ವಾರ ಅವಳು ಡೈರಿ ಮುಟ್ಟಲಿಲ್ಲ. ಶನಿವಾರ ಹೋಗಿ, ನೋಡಿದಿರಾ, ನಾನು ಹೇಳಲಿಲ್ಲವಾ ಎನ್ನುವಂತೆ ಮೇಡಂ ಮುಂದೆ ಕೂತಳು. ಅವರು ಸಮಾಧಾನ ಹೇಳಬಹುದೆಂದು ಕಾದಳು. "ನಕ್ಕರು," ಎಂದು ಒಪ್ಪಿಕೊಂಡರು ಮೇಡಂ. "ಆಮೇಲೆ?"

"ಆಮೇಲೇನು. ಬಸ್ಸು ನಿಂತ್ಕಂತು."

"ನೀವು?"

"ಇಳಿದೆ."

ಕೆಳಗೆ ಯಾರೋ ಹೊಸಬರು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದರು. ಅಷ್ಟೇನಾ, ಎಂದು ಮುನಿಲಕ್ಷ್ಮಿಗೆ ಅನ್ನಿಸಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಬದುಕನ್ನು ಒಂದು ಸ್ಟಾಪು ಹಿಂದೆಯೋ ಒಂದು ಸ್ಟಾಪು ಮುಂದೆಯೋ ಇಳಿಯುತ್ತ ಬಂದೆನೋ, ಅದು ಬಂದಿತು. ಬಂದು ಬಸ್ಸಿನಲ್ಲೇ ಕೂತು ಮುಂದೆ ಹೋಗಿಬಿಟ್ಟಿತು. ಆ ದಿನ ಮೇಡಂ ಅವಳನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಜನ ಗಿಜಿಗುಡುವ ಕಡೆ ನಿಂತು, ಕೈಯಲ್ಲಿದ್ದ ನಿಂಬೆಹಣ್ಣಿನ ಚೀಲವನ್ನು ಬೇಕೆಂತಲೇ ಕೈಬಿಟ್ಟರು. ಅಷ್ಟು ಓದಿದ ಹೆಂಗಸು, ರೇಷ್ಮೆ ಸೀರೆ ಉಟ್ಟುಕೊಂಡು, "ಅಯ್ಯೋ, ಎಲುಮಿಚ್ಚಂಪಳಂ!" ಎಂದು ಕೂಗುತ್ತ ಉರುಳುವ ನಿಂಬೆಹಣ್ಣುಗಳ ಹಿಂದೆ ಓಡಿದರು. ಮುನಿಲಕ್ಷ್ಮಿ ನಾಚಿ ಸಾಯಬೇಕೆನ್ನುವಷ್ಟರಲ್ಲಿ ಒಬ್ಬ ಹೂವಿನವಳು, ಒಬ್ಬ ಮೂಟೆ ಹೊರುವವನು, ಸೈಕಲ್ಲಿನಿಂದ ಒಂದು ಕಾಲು ಇಳಿಸಿದ ಒಬ್ಬ ಮುದುಕ, ಎಲ್ಲರೂ ಬಗ್ಗಿ ಆಯ್ದು ತಂದು ಚೀಲಕ್ಕೆ ಹಾಕಿದರು. "ಈಗ ನೀವು," ಎಂದು ಮೇಡಂ ಚೀಲವನ್ನು ಅವಳ ಕೈಗೆ ಕೊಟ್ಟರು. ಅವಳು ಬೀಳಿಸಿದಳು. ಮತ್ತೆ ಅದೇ ಜನ ನಗುತ್ತ ಬಗ್ಗಿದರು. ಹೂವಿನವಳಂತೂ, "ಇವ್ರಿಬ್ರಿಗೂ ಕೈಯಾಗೆ ಶಕ್ತಿ ಇಲ್ಲ, ಪಾಪ," ಎಂದಳು, ಕನ್ನಡದಲ್ಲೇ! ಮನೆಗೆ ತಂದು ಎಣಿಸಿದರೆ ಬೀಳಿಸಿದ್ದಕ್ಕಿಂತ ಒಂದು ಹಣ್ಣು ಹೆಚ್ಚೇ ಇತ್ತು. ಅಮ್ಮ ಉಪ್ಪಿನಕಾಯಿ ಹಾಕುತ್ತ, "ಟೈಪಿಂಗ್ ಕ್ಲಾಸ್ನಾಗೆ ನಿಂಬೆಹಣ್ಣೂ ಕೊಡ್ತಾರೆ ಅಂತ ಯೋಳ್ಳೇನೇ ನಿಮ್ಮತ್ತೆಗೆ?" ಎಂದು ನಕ್ಕಿದ್ದಳು. ಆ ಸುಳ್ಳಿನಲ್ಲಿ ಅವರಿಬ್ಬರೂ ಸಖಿಯರಾಗಿದ್ದರು. ಅದಕ್ಕೇ ಅದನ್ನು ಮುರಿಯುವುದು ಕಷ್ಟ.

ನಿನ್ನೆ ಅವಳು ಮೇಡಂ ಮುಂದೆ ಆ ಸುಳ್ಳನ್ನೇ ಇಟ್ಟಳು. ನಿಜ ಹೇಳಿದರೆ ಏನಾಗುತ್ತದೆಂದು ಮನಸ್ಸು ಹೇಳುತ್ತದೆ? ಬೀದಿ ಹುಚ್ಚಿ ಅನ್ನುತ್ತದೆ. ಮದುವೆಯಾಗುವುದಿಲ್ಲ. ಅಪ್ಪನ ತಲೆ ತಗ್ಗುತ್ತದೆ. ಅಮ್ಮ ತನ್ನೊಡನೆ ಮಾತು ಬಿಡುತ್ತಾಳೆ. ಮೇಡಂ ಒಂದನ್ನೂ ಅಲ್ಲಗಳೆಯಲಿಲ್ಲ. "ಇದರಲ್ಲಿ ಒಂದೆರಡು ಆದರೂ ಆಗಬಹುದು. ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಇದು ನಿಂಬೆಹಣ್ಣಲ್ಲ." ಆಮೇಲೆ, "ಹೇಳದೇ ಇದ್ದರೆ?" ಎಂದು ಕೇಳಿದರು. ಹೇಳದೇ ಇದ್ದರೆ ಶನಿವಾರ ಹೋಗುತ್ತದೆ. ಶನಿವಾರ ಹೋದರೆ, ಮತ್ತೆ ಯಾವುದೋ ಶಾಲೆಯಲ್ಲಿ ತನ್ನ ಹೆಸರು ಕೂಗುವಾಗ ತಾನು ಬಚ್ಚಲಲ್ಲಿ ನಿಂತಿರುತ್ತೇನೆ. ಇದನ್ನು ಅವಳು ಹೇಳಿದ್ದಲ್ಲ, ಹೇಳುತ್ತ ಕೇಳಿಸಿಕೊಂಡಳು. "ಹೇಳಬೇಕೋ ಬೇಡವೋ ನಿಮ್ಮಿಷ್ಟ ಮುನಿಲಕ್ಷ್ಮಿ. ಬೇಡ ಅನ್ನೋದಕ್ಕೂ ಒಳ್ಳೆ ಕಾರಣಗಳಿರಬಹುದು. ಭಯ ಒಂದನ್ನೇ ಕಾರಣ ಮಾಡ್ಕೋಬೇಡಿ, ಅಷ್ಟೇ."

"ಏ ಸಿದ್ದಾ, ಇತ್ಲಾಗೆ ಇನ್ನಸಿ ಬಿಗಿಯಲಾ!" ಎಂದು ಆ ತುದಿಯಿಂದ ಪುಟ್ಟಪ್ಪ ಮಾವ ಕೂಗಿದ. ಗಂಜಿ ಹಚ್ಚಿ ಆಗಿತ್ತು. ಕುಂಚಗಳು ಒಟ್ಟಿಗೆ ಏಳುತ್ತ ಬೀಳುತ್ತ ಬರುತ್ತಿದ್ದವು. ನಾರಾಯಣಮ್ಮ ಅತ್ತೆ ತನ್ನ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಮುನೀ, ಸಂಬ್ಳ ಬಂದ್ಮ್ಯಾಕೆ ಅತ್ತೆ ಗೆಪ್ತಿ ಇರ್ತದೇನೇ? ಕೊಳಾಯಿಗೆ ಕಾರ್ಪೊರೇಶನ್‌ಗೆ ಒಂದು ಅರ್ಜಿ ಟಕಟಕ ಅಂತ ಬಡ್ಕೊಡು ಅಂದ್ರೆ ತಿಂಗ್ಳಿಂದ ಮೂತಿ ತಿರುಗ್ಸ್ಕಂಡು ಓಯ್ತೀಯ. ಅಷ್ಟು ಬಿಂಕ ಬಂದ್ಬುಡ್ತಾ ಬೆರಳಿಗೆ?" ಎಂದಳು. ಅಷ್ಟರಲ್ಲಿ ಅರುಣಾಚಲಂ ತಮ್ಮ ಮೊಪೆಡ್ಡಿನಲ್ಲಿ ಬಂದು, ಪಾವು ದಾಟಬಾರದೆಂದು ಆಚೆಯೇ ನಿಲ್ಲಿಸಿ, "ಎನ್ನಮ್ಮಾ ಟೈಪಿಸ್ಟು! ನಾಳೆಯಿಂದ ಆಫೀಸಿಗೆ ಬತ್ತೀಯಲ್ಲಾ?" ಎಂದು ಪಾವಿನ ಮೇಲಿಂದ ಕೇಳಿದರು. ಅಮ್ಮ ಸೆರಗು ಹೊದ್ದು ಮುಂದೆ ಬಂದಳು. ಬಾಯಿ ತೆರೆದಳು.

ಆಗ ಮುನಿಲಕ್ಷ್ಮಿ ನೋಡಿದಳು. ಪುಟ್ಟಪ್ಪ ಮಾವನ ಕುಂಚದ ಮುಂದೆ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಒಂದು ಎಳೆ ಹರಿದು ಮೇಲೆದ್ದು ಬೆಳಗಿನ ಗಾಳಿಯಲ್ಲಿ ಆಡುತ್ತಿತ್ತು. ಅಷ್ಟು ತೆಳ್ಳಗೆ, ಬೆಳಕು ಬಿದ್ದಾಗ ಮಾತ್ರ ಇರುವಂತೆ, ಇಲ್ಲದಿದ್ದರೆ ಇಲ್ಲದಂತೆ. ಇನ್ನೆರಡು ಹೆಜ್ಜೆಗೆ ಕುಂಚ ಅದನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಕೂಗಿದರೆ ಎಲ್ಲರೂ ತಿರುಗುತ್ತಾರೆ, ಎಂದಿತು ಮನಸ್ಸು. ಹೌದು, ತಿರುಗುತ್ತಾರೆ, ಅದಕ್ಕೇ ಕೂಗುವುದು, ಎಂದುಕೊಂಡಳು. ದಾವಣಿಯ ಅಂಚು ಮುಷ್ಟಿಯಲ್ಲಿತ್ತು. ಬಿಟ್ಟಳು.

"ಎಳೆ!"

ಬೀದಿ ನಿಂತಿತು. ಕುಂಚಗಳು ಗಾಳಿಯಲ್ಲಿ ನಿಂತವು, ಗಂಜಿ ತೊಟ್ಟಿಕ್ಕುತ್ತಿತ್ತು. ಅಮ್ಮನ ಬಾಯಿ ತೆರೆದಲ್ಲೇ ನಿಂತಿತು. ಅರುಣಾಚಲಂ ಒಂದು ಕಾಲು ಮೊಪೆಡ್ಡಿನ ಆಚೆ ಒಂದು ಕಾಲು ಈಚೆ ಮಾಡಿಕೊಂಡು ಹಾಗೇ ನಿಂತರು. "ಎಲ್ಲವ್ವಾ?" ಎಂದ ಅಪ್ಪ. ಅವನ ದನಿಯಲ್ಲಿದ್ದ ಆಶ್ಚರ್ಯ ಎಳೆಗಲ್ಲ, ತನ್ನ ಕೂಗಿಗೆ ಎಂಬುದು ಅವಳಿಗೆ ತಿಳಿಯಿತು. "ಮಾವನ ಕುಂಚದ ಮುಂದ್ಗಡೆ, ಅಪ್ಪಾ. ತಾಳು, ಇಡ್ಕಂಡಿವ್ನಿ," ಎಂದು ಅವಳು ಹೋಗಿ, ಕೆಳಗೆ ತೆವಳದೆ, ಬಗ್ಗದೆ, ನಿಂತೇ ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. ಅಪ್ಪ ಬಂದು ಪಕ್ಕದ ಎಳೆಗಳನ್ನೆಲ್ಲ ಮೆಲ್ಲನೆ ಸರಿಸಿ, ಅದರದೇ ಜೋಡಿಯನ್ನು ಹುಡುಕಿ ತಂದು ಅವಳ ಬೆರಳಿಗೆ ಕೊಟ್ಟ. ಗಂಟು ನೀನೇ ಹಾಕು ಎಂಬಂತೆ ಕಾದ. ಬೀದಿಯೆಲ್ಲ ನೋಡುತ್ತಿರುವಾಗಲೇ ಅವಳು ಎರಡು ತುದಿಗಳನ್ನು ಸೇರಿಸಿ ಹೊಸೆದಳು; ಗಂಟು ಬಿತ್ತು, ಸಣ್ಣದಾಗಿ, ಸರಿಯಾಗಿ.

"ಅಬ್ಬಬ್ಬಬ್ಬಾ!" ಎಂದಳು ನಾರಾಯಣಮ್ಮ ಅತ್ತೆ ಎದೆಗೆ ಕೈಯಿಟ್ಟು. "ಇದ್ಯಾರ ಗಂಟ್ಲೇ ಇದು! ನನ್ ಸುಣ್ಣದ ಡಬ್ಬಿ ಬಿದ್ದೋಯ್ತು. ಟೈಪಿಂಗ್ ಕ್ಲಾಸ್ನಾಗೆ ಕೂಗಾದೂ ಯೋಳ್ಕೊಡ್ತಾರೇನೇ?"

ನಗು ಈ ಜಗಲಿಯಿಂದ ಆ ಜಗಲಿಗೆ ಹಾರಿತು. ಪುಟ್ಟಪ್ಪ ಮಾವ ಕುಂಚದ ಸಮೇತ ನಕ್ಕ. ಮುನಿಲಕ್ಷ್ಮಿ ಎಲ್ಲರೂ ಎಂದರೆ ಯಾರು ಎಂದು ಒಬ್ಬೊಬ್ಬರನ್ನಾಗಿ ನೋಡಿದಳು. ಪುಟ್ಟಪ್ಪ ಮಾವನ ಹುಬ್ಬಿನ ಮೇಲೆ ಗಂಜಿ ಒಣಗಿತ್ತು. ಅತ್ತೆಯ ಬೋಳು ವಸಡಿನಲ್ಲಿ ಎಲೆಯ ಚೂರು. ಅಧ್ಯಕ್ಷರ ಪಂಚೆ ಮೊಪೆಡ್ಡಿನ ಹಿಡಿಗೆ ಸಿಕ್ಕಿತ್ತು, ಅವರಿಗೆ ಅದು ಇನ್ನೂ ಗೊತ್ತಿರಲಿಲ್ಲ. ಅಪ್ಪ ಅವಳನ್ನು ನೋಡದೆ, ಗಂಟನ್ನು ಹೆಬ್ಬೆರಳಿನಿಂದ ಸವರುತ್ತ ನಗುತ್ತಿದ್ದ. ಇವರ ನಗುವಿನಲ್ಲಿ ತಾನೂ ನಗುತ್ತಿರುವುದು ಅವಳಿಗೆ ತಡವಾಗಿ ಗೊತ್ತಾಯಿತು. ಅಮ್ಮ ಒಬ್ಬಳೇ ನಗುತ್ತಿರಲಿಲ್ಲ; ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಹಾಲು ಉಕ್ಕುವ ಮುಂಚೆ ನೋಡುವ ಹಾಗೆ. ಮುನಿಲಕ್ಷ್ಮಿ ಒದ್ದೆ ಕೈಯಿಂದಲೇ ಅಮ್ಮನ ಕೈ ಹಿಡಿದುಕೊಂಡಳು. ಅಮ್ಮ ಬಿಡಿಸಿಕೊಳ್ಳಲಿಲ್ಲ.

"ಟೈಪಿಂಗ್ ಅಲ್ಲ ಅತ್ತೆ," ಎಂದಳು ಅವಳು, ಆಚೆ ನಿಂತ ಅಧ್ಯಕ್ಷರಿಗೂ ಕೇಳುವಂತೆ. "ನಂಗೆ ಜನ ಅಂದ್ರೆ ಭಯ. ಆ ಭಯಕ್ಕೆ ವೈದ್ಯ ಮಾಡಿಸ್ಕಂತಾ ಇವ್ನಿ, ಶನಿವಾರ ಶನಿವಾರ. ಅದ್ನ ನಾನು ಬುಡಾಕಿಲ್ಲ."